ಕಮಲಾಪುರದ ಡಬ್ಬಿಗೆ ಹಾಕಿದ ಕಾಗದ

ನಮ್ಮಣ್ಣನಿಗೆ ಅವ್ವನ ಒಂದೇ ಒಂದು ಮಾತು ಮುಟ್ಟಿಸಬೇಕಾಗಿತ್ತು. "ಬಾ" ಎಂಬ ಮಾತು. ಅದನ್ನು ಕಾಗದದ ಮೇಲೆ ಬರೆದವನು ನಾನೇ. ಗಾಡಿಯಲ್ಲಿ ಇಟ್ಟುಕೊಂಡು ಕಲಬುರಗಿಗೆ ಒಯ್ದವನೂ ನಾನೇ. ಮುಟ್ಟಿಸಲಿಲ್ಲ. ದಾರಿಯಲ್ಲಿ ಎಲ್ಲೋ ಕಳೆದುಹೋಯಿತು ಎಂದು ಹೇಳುವ ಹಾಗೂ ಇಲ್ಲ. ಹಾಕಿದರೆ ಹೋಗುವುದಿಲ್ಲ ಎಂದು ಗೊತ್ತಿದ್ದ ಡಬ್ಬಿಯೊಳಗೆ, ಗೊತ್ತಿದ್ದೇ ಹಾಕಿದೆ.

ಈಗಿನವರಿಗೆ ಇದು ಅರ್ಥವಾಗಬೇಕಾದರೆ ಆಗಿನ ಟಪ್ಪಾಲಿನ ಕಥೆ ಸ್ವಲ್ಪ ಹೇಳಬೇಕು. ನಿಜಾಮ ಸರ್ಕಾರದ ಕಾಲದಲ್ಲಿ ನಮ್ಮಲ್ಲಿ ಎರಡು ಟಪ್ಪಾಲು ಇದ್ದವು. ಒಂದು ನಮ್ಮ ಸರ್ಕಾರದ್ದು. ಅದರ ಟಿಕೀಟು ಬೇರೆ, ಡಬ್ಬಿ ಬೇರೆ. ಕಮಲಾಪುರದಲ್ಲಿ ಇದ್ದದ್ದು ಅದೊಂದೇ. ಚಾವಡಿಯ ಗೋಡೆಗೆ ಬಡಿದ ಒಂದು ಡಬ್ಬಿ. ಅದರಲ್ಲಿ ಹಾಕಿದ ಕಾಗದ ಬೀದರಿಗೆ ಹೋಗುತ್ತಿತ್ತು, ರಾಯಚೂರಿಗೆ ಹೋಗುತ್ತಿತ್ತು, ಹೈದರಾಬಾದಿಗೂ ಹೋಗುತ್ತಿತ್ತು. ಸೀಮೆ ದಾಟಿ ಪಕ್ಕದ ಸೊಲ್ಲಾಪುರಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಇನ್ನೊಂದು ಇಂಗ್ರೇಜಿ ಟಪ್ಪಾಲು. ಅದರ ಕಚೇರಿ ಇದ್ದದ್ದು ಕಲಬುರಗಿಯ ರೈಲು ಸ್ಟೇಷನ್ನಿನ ಹತ್ತಿರ. ಹೊರಗಿನ ಮುಲುಕಿಗೆ ಕಾಗದ ಹೋಗಬೇಕಾದರೆ ಅಲ್ಲಿಗೇ ಒಯ್ಯಬೇಕು, ಇಂಗ್ರೇಜಿ ಟಿಕೀಟೇ ಹಚ್ಚಬೇಕು, ವಿಳಾಸವನ್ನು ಇಂಗ್ರೇಜಿ ಅಕ್ಷರದಲ್ಲೇ ಬರೆಸಬೇಕು. ಆ ಟಿಕೀಟಿಗೆ ನಮ್ಮ ಹಾಲಿ ಸಿಕ್ಕಾ ನಡೆಯುತ್ತಿರಲಿಲ್ಲ. ಇಂಗ್ರೇಜರ ಕಲ್ದಾರ್ ನಾಣ್ಯವೇ ಆಗಬೇಕು.

ಮೋಜೆಂದರೆ, ಹೊರಗಿನಿಂದ ಬರುವ ಕಾಗದಕ್ಕೆ ಈ ತಾಪತ್ರಯ ಯಾವುದೂ ಇರಲಿಲ್ಲ. ಅದು ಸ್ಟೇಷನ್ನಿನಲ್ಲಿ ಇಳಿದು, ಸರ್ಕಾರಿ ಟಪ್ಪಾಲಿನವರ ಕೈಗೆ ಬಂದು, ನೆಟ್ಟಗೆ ನಮ್ಮ ಮನೆ ಬಾಗಿಲಿಗೆ ಬರುತ್ತಿತ್ತು. ಅದಕ್ಕೇ ನಮ್ಮ ಊರಿನವರು ಬಹಳ ಜನ ಮೋಸಹೋಗುತ್ತಿದ್ದರು. ಬಂದ ದಾರಿಯಲ್ಲಿ ಹೋಗಲಿಕ್ಕೇನು ಎಂದುಕೊಂಡು ಚಾವಡಿಯ ಡಬ್ಬಿಗೆ ಹಾಕಿ, ಉತ್ತರ ಬರಲಿಲ್ಲವೆಂದು ಸೊಲ್ಲಾಪುರದ ಬೀಗರನ್ನು ಬೈಯುತ್ತಿದ್ದರು.

ನಮ್ಮಣ್ಣನಿದ್ದದ್ದು ಸೊಲ್ಲಾಪುರದಲ್ಲಲ್ಲ, ಫ್ರಾನ್ಸಿನಲ್ಲಿ.

ನಮ್ಮದು ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ. ಅಪ್ಪ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದ. ಅಣ್ಣ ಎತ್ತು ಕಟ್ಟಿ, ನೀರೆತ್ತುವ ತೊಗಲಿನ ಮೊಟ್ಟೆ ಹೊಡೆದು ಬಾವಿಯಿಂದ ತೋಟಕ್ಕೆ ನೀರು ಬಿಡುತ್ತಿದ್ದ, ನಾನು ಗೊನೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಕಲಬುರಗಿಯ ಬಜಾರಕ್ಕೆ ಒಯ್ಯುತ್ತಿದ್ದೆ. ಏಳೆಂಟು ಹರದಾರಿ ದಾರಿ. ಅಣ್ಣನಿಗೆ ಜಾನುವಾರುಗಳ ಮೇಲೆ ಒಳ್ಳೆಯ ಕೈ. ಒದೆಯುವ ಎತ್ತು, ಕಚ್ಚುವ ಕುದುರೆ ಅವನ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದವು. ಒಮ್ಮೆ ಹಣ್ಣಿನ ಜೊತೆ ರೈಲಿನಲ್ಲಿ ಸೊಲ್ಲಾಪುರಕ್ಕೆ ಹೋದವನು, ಅಲ್ಲಿ ಇಂಗ್ರೇಜರ ಪಲ್ಟಣಿನವರು ಜರ್ಮನರ ಮೇಲಿನ ಲಡಾಯಿಗೆಂದು ಹೇಸರಗತ್ತೆ ಹೊಡೆಯುವವರನ್ನು ಕೂಡಿಸುತ್ತಿರುವುದನ್ನು ಕಂಡ. ಮನೆಗೆ ಬಂದು ಅವ್ವನ ಕಾಲು ಮುಟ್ಟಿ ಹೇಳಿದ. ಅವ್ವ ಎರಡು ದಿನ ಉಣ್ಣಲಿಲ್ಲ. ಅವನು ಹೋದ.

ನಾನು ಓದಿದ್ದು ಸರ್ಕಾರಿ ಮದರಸೆಯಲ್ಲಿ ಎರಡು ಇಯತ್ತೆ. ಆಗ ಅಲ್ಲಿ ಕಲಿಸುತ್ತಿದ್ದದ್ದು ಉರ್ದು. ತಡವರಿಸಿ ಓದುತ್ತಿದ್ದೆ, ಅದಕ್ಕಿಂತ ತಡವರಿಸಿ ಬರೆಯುತ್ತಿದ್ದೆ. ಅಣ್ಣನಿಗೆ ಅದೂ ಬರುತ್ತಿರಲಿಲ್ಲ. ಅವನ ಜೊತೆ ಇದ್ದ ಬೀದರಿನ ಕಡೆಯ ಒಬ್ಬ ಸಾಬರ ಹುಡುಗ ಅವನು ಹೇಳಿದ್ದನ್ನು ಉರ್ದುವಿನಲ್ಲಿ ಬರೆಯುತ್ತಿದ್ದ. ಹೀಗಾಗಿ ನಮ್ಮ ಮನೆಯಲ್ಲಿ ಅಣ್ಣನ ಬಾಯಿ, ಅವ್ವನ ಬಾಯಿ ಎರಡೂ ನಾನೇ ಆದೆ. ಈ ಕೆಲಸ ನಾನು ಬೇಡಿ ಪಡೆದದ್ದಲ್ಲ.

ಮೊದಲ ಕಾಗದ ಬಂದಾಗ ಅವ್ವ ಅದನ್ನು ಮೂರು ಸಲ ಓದಿಸಿದಳು. ಊರ ಹೆಸರು ಬರೆಯಲು ಅವರಿಗೆ ಹುಕುಂ ಇರಲಿಲ್ಲವಂತೆ. ಸಮುದ್ರದ ದಂಡೆಯ ದೊಡ್ಡ ಊರು ಎಂದಷ್ಟೇ ಇತ್ತು. ಹಡಗಿನಿಂದ ಇಳಿದ ಮೇವು, ಹಿಟ್ಟು, ಪೆಟ್ಟಿಗೆಗಳನ್ನು ಹೇಸರಗತ್ತೆಯ ಗಾಡಿಯಲ್ಲಿ ಹೇರಿ ರೈಲಿನ ತನಕ ಮುಟ್ಟಿಸುವುದು ಅವನ ಕೆಲಸ. ಅಲ್ಲಿ ಗಾಡಿಗಳು ಬಲಕ್ಕೆ ಹೋಗುತ್ತವಂತೆ. ಮೊದಲ ದಿನ ನಮ್ಮ ರೂಢಿಯಂತೆ ಎಡಕ್ಕೆ ಹೊಡೆದು, ಎದುರಿಗೆ ಬಂದ ಹಾಲಿನ ಗಾಡಿಗೆ ಮುಖಾಮುಖಿಯಾಗಿ ನಿಂತು, ಎರಡೂ ಕಡೆಯ ಜನ ಬಯ್ದರೂ ಒಂದು ಮಾತೂ ತಿಳಿಯಲಿಲ್ಲವಂತೆ. ಕುದುರೆ ಇಲ್ಲದ ಗಾಡಿ, ನೆತ್ತಿಯ ಮೇಲಿನ ತಂತಿಗೆ ಕೋಲು ಆನಿಸಿಕೊಂಡು, ರಸ್ತೆಯ ನಡುವೆ ಹಳಿಯ ಮೇಲೆ ಓಡುತ್ತದಂತೆ. ಮತ್ತೆ, ಗಂಡಸರೆಲ್ಲ ಲಡಾಯಿಗೆ ಹೋಗಿರುವುದರಿಂದ ಟಪ್ಪಾಲು ಹಂಚುವವಳು ಹೆಂಗಸಂತೆ, ಸೈಕಲ್ಲಿನ ಮೇಲೆ ಬರುತ್ತಾಳಂತೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹೆಣ್ಮಗಳು ಟಪ್ಪಾಲ ತರ್ತಾಳ?"

"ಹಂಗೇ ಬರದಾನವ್ವಾ."

"ಸೈಕಲ್ಲಿನ ಮ್ಯಾಲ?"

"ಹೂಂ."

"ಮತ್ತ ನೀ ಗಂಡ್ಮಗ ಅದೀ. ಗಾಡಿ ಅದ, ಎತ್ತವ. ಬರಿ ಈಗ, ಹಾಕಿ ಬಾ."

ಬರೆದೆ. ಚಾವಡಿಯ ಡಬ್ಬಿಗೆ ಹಾಕಿದೆ. ಆಗ ನನಗೂ ಗೊತ್ತಿರಲಿಲ್ಲ. ಒಂದು ತಿಂಗಳಿಗೂ ಹೆಚ್ಚು ಕಳೆದ ಮೇಲೆ ಅದೇ ಕಾಗದ, ಮೈತುಂಬ ಮುದ್ರೆ ಒತ್ತಿಸಿಕೊಂಡು, ನಮ್ಮ ಮನೆಗೇ ಮರಳಿ ಬಂತು. ತಂದ ಟಪ್ಪಾಲಿನವನು ನಗುತ್ತಿದ್ದ. "ನಿಮ್ಮಣ್ಣ ಇಷ್ಟ್ ಲಗೂ ಜವಾಬ್ ಕೊಟ್ಟನಲ್ಲೋ" ಎಂದು ಚೇಷ್ಟೆ ಮಾಡಿ, ಆಮೇಲೆ ಈ ಎರಡು ಟಪ್ಪಾಲಿನ ವ್ಯವಹಾರ ಬಿಡಿಸಿ ಹೇಳಿದ. ಊರಲ್ಲಿ ಒಂದು ವಾರ ನನ್ನನ್ನು ಕಂಡವರೆಲ್ಲ "ಫ್ರಾನ್ಸಿನಿಂದ ಯಾವಾಗ ಬಂದ್ರಿ?" ಎಂದು ಕೇಳುತ್ತಿದ್ದರು. ಆ ಸಲ ತಪ್ಪು ನನ್ನದಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಅಲ್ಲಿಂದ ಮುಂದೆ ನನಗೆ ಗೊತ್ತಿತ್ತು.

ಗೊತ್ತಾದದ್ದೇ ಶಿಕ್ಷೆಯಾಯಿತು. ಬಜಾರು ಇದ್ದದ್ದು ಹಳೆ ಊರಿನಲ್ಲಿ, ಸ್ಟೇಷನ್ನು ಊರಿನ ಇನ್ನೊಂದು ತುದಿಗೆ. ಸಂಜೆ ಗಾಡಿ ಹೂಡಿ ಬೆಳಗಿನ ಬಜಾರಕ್ಕೆ ಹಣ್ಣು ಇಳಿಸುವುದು ನಮ್ಮ ರೂಢಿ. ಕೆಂಪು ಬಾಳೆ ಮೆತ್ತಗಿನ ಹಣ್ಣು. ಗಾಡಿಯ ಕುಲುಕಾಟಕ್ಕೆ ಮೈ ಕಪ್ಪಾದರೆ ಕೊಳ್ಳುವವನು ಮುಖ ತಿರುಗಿಸುತ್ತಾನೆ. ಅದಕ್ಕೇ ಹಣ್ಣು ಇಳಿಸುವ ತನಕ ಬೇರೆ ಕಡೆ ಹೊರಳಿ ನೋಡುವಂತಿರಲಿಲ್ಲ. ಮಾರಾಟ ಮುಗಿದ ಮೇಲೆ ಮೋಮಿನಪುರದ ಸರಾಫನ ಹತ್ತಿರ ಹಾಲಿ ಕೊಟ್ಟು ಕಲ್ದಾರ್ ಮಾಡಿಸಿಕೊಳ್ಳಬೇಕು. ಆಮೇಲೆ ಎತ್ತುಗಳನ್ನು ಸ್ಟೇಷನ್ನಿನ ತನಕ ಹೊಡೆಯಬೇಕು. ಅಲ್ಲಿ ಬೇವಿನ ಮರದ ಕೆಳಗೆ ಒಬ್ಬ ಮುದುಕ ಮುನ್ಶಿ ಕೂರುತ್ತಿದ್ದ, ಇಂಗ್ರೇಜಿ ವಿಳಾಸ ಬರೆದು ಹೊಟ್ಟೆ ಹೊರೆಯುತ್ತಿದ್ದವನು. ಅವನು ಕೂಲಿಯನ್ನು ಬಾಳೆಹಣ್ಣಿನಲ್ಲೇ ತೆಗೆದುಕೊಳ್ಳುತ್ತಿದ್ದ. ಹಣ್ಣು ಉಳಿಸಿಕೊಂಡು ಹೋಗದಿದ್ದರೆ, "ಕೆಂಪು ಬಾಳೆ ಸಾಹುಕಾರ್ರು ಇವತ್ತ ಬರಿಗೈಲೆ ಬಂದಾರ, ಲಡಾಯಿ ಜೋರ್ ನಡದದ ಅನ್ನಂಗಾತು" ಎನ್ನುತ್ತಿದ್ದ. ವಿಳಾಸ ಬರೆಸಿಕೊಂಡು ಇಂಗ್ರೇಜಿ ಕಚೇರಿಯ ಟಿಕೀಟಿನ ಕಿಟಕಿಗೆ ಹೋದರೆ, ಅಷ್ಟರಲ್ಲಿ ಒಮ್ಮೊಮ್ಮೆ ಅದು ಮುಚ್ಚಿರುತ್ತಿತ್ತು.

ಹೀಗೆ ಎರಡು ಕಾಗದ ಮುಟ್ಟಿಸಿದೆ. ಅಣ್ಣನಿಂದ ಜವಾಬೂ ಬಂತು. ಆದರೆ ಪ್ರತಿ ಸಲ ಸಿಟ್ಟು ಒಂದು ಹಿಡಿ ಹೆಚ್ಚುತ್ತಿತ್ತು. ಅಣ್ಣ ಏಳು ಸಮುದ್ರ ದಾಟಿ ಹೋಗಿದ್ದ. ಅವನ ಮಾತು ನಮ್ಮ ಹೊಸ್ತಿಲಿಗೆ ತಾನಾಗಿ ಬರುತ್ತಿತ್ತು. ನನಗೆ ಬಜಾರದಿಂದ ಸ್ಟೇಷನ್ನಿನ ತನಕ ಹೋಗುವುದೇ ಸಮುದ್ರವಾಗಿತ್ತು. ಅವನು ಹಳಿಯ ಮೇಲೆ ಓಡುವ ಗಾಡಿಯ ಸುದ್ದಿ ಬರೆಯುತ್ತಿದ್ದ; ನಾನು ಅದನ್ನು ಕುಂಟೆತ್ತಿನ ಪಕ್ಕದಲ್ಲಿ ನಿಂತು ಓದುತ್ತಿದ್ದೆ. ಅವನು ಹೋದ ಮೇಲೆ ಮೊಟ್ಟೆ ಹೊಡೆಯುವುದೂ ನನಗೇ ಬಂದಿತ್ತು. ಅದನ್ನು ಯಾರೂ ಎಲ್ಲಿಗೂ ಬರೆದು ತಿಳಿಸಲಿಲ್ಲ.

ಅಷ್ಟರಲ್ಲಿ ಅವ್ವನ ಕಣ್ಣಿಗೆ ಪೊರೆ ಬರತೊಡಗಿತು. ಮೊದಲು ದೀಪದ ಸುತ್ತ ಮಂಜು ಕಾಣುತ್ತದೆ ಎಂದಳು. ಆಮೇಲೆ ಜೋಳದಲ್ಲಿ ಹರಳು ಕಾಣದಾಯಿತು. ವೈದ್ಯ ಜೇನು ಹಾಕಿದ, ಏನೇನೋ ರಸ ಹಿಂಡಿದ. ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದರಲ್ಲಿ ಹತ್ತಿರ ಬಂದವರ ಮುಖ ಇನ್ನೂ ಕಾಣುತ್ತಿತ್ತು.

ಆಗ ಬಂತು ಆ ಕಾಗದ. ಅಣ್ಣ ಬರೆಸಿದ್ದ: ಕರಾರು ಮುಗಿಯುತ್ತ ಬಂದಿದೆ. ಇನ್ನೊಂದು ವರ್ಷ ಇರುತ್ತೀಯೋ, ಬರುವ ಹಡಗಿಗೆ ಮನೆಗೆ ಹೋಗುತ್ತೀಯೋ ಎಂದು ಸಾಹೇಬರು ಕೇಳುತ್ತಿದ್ದಾರೆ. ನನಗೆ ಎರಡೂ ಸರಿ. ಅವ್ವ ಹೇಳಿದ ಹಾಗೆ. ಬೇಗ ತಿಳಿಸಿರಿ.

ಅವ್ವನಿಗೆ ಓದಿ ಹೇಳಿದೆ. ಅವಳು ನನ್ನ ಮುಖಕ್ಕೆ ಮುಖ ಹತ್ತಿರ ತಂದು, ಇನ್ನೂ ಕಾಣುವ ಕಣ್ಣಿನಿಂದ ನೋಡುತ್ತ ಹೇಳಿದಳು. "ಬಾ ಅಂತ ಬರಿ. ಮತ್ತೇನೂ ಬರೀಬ್ಯಾಡ. ಕಣ್ಣಿನ ಸುದ್ದಿ ಬರದೀ ಅಂದ್ರ ಅಲ್ಲಿ ಊಟ ಬಿಡ್ತಾನ. ಬಾ ಅಂತ ಅಷ್ಟೇ ಬರಿ. ನಿನ್ನ ಮಾರಿ ಕಾಣಸ್ತದ ನನಗ ಇನ್ನ. ಅವನ್ದೂ ಕಾಣಬೇಕು."

ಬರೆದೆ. ಉರ್ದುವಿನಲ್ಲಿ ಅದು ಬಹಳ ಸಣ್ಣ ಕಾಗದ.

ಮೊದಲ ಸಲ ಒಯ್ದಾಗ ದಾರಿಯಲ್ಲಿ ಗಾಡಿಯ ಕೀಲು ಮುರಿದು ತಡವಾಯಿತು. ಹಣ್ಣು ಇಳಿಸಿ ಸ್ಟೇಷನ್ನಿಗೆ ಮುಟ್ಟಿ, ಮುನ್ಶಿಯ ಕೈಲಿ ವಿಳಾಸ ಬರೆಸುವುದರೊಳಗೆ ಕಿಟಕಿ ಮುಚ್ಚಿತ್ತು. ಕಿಸೆಯಲ್ಲಿದ್ದ ಕಲ್ದಾರ್ ಮರಳುವಾಗ ಕೀಲು ಸರಿಮಾಡಿದ ಬಡಿಗನಿಗೆ ಹೋಯಿತು. ಮುಂದಿನ ಸಲ ಬುದ್ಧಿವಂತಿಕೆ ಮಾಡಿದೆ. ಹಣ್ಣನ್ನು ಬಜಾರದಲ್ಲಿ ಇಳಿಸದೆ, ಹೇರಿದ ಗಾಡಿಯನ್ನೇ ನೆಟ್ಟಗೆ ಸ್ಟೇಷನ್ನಿಗೆ ಹೊಡೆದೆ. ಕಿಟಕಿ ತೆರೆದಿತ್ತು. ಮುಂದೆ ಯಾರೂ ಇರಲಿಲ್ಲ. ಕಾಗದ ಒಳಗೆ ಚಾಚಿ ಕಾಸು ಇಟ್ಟೆ.

ಒಳಗಿನವರು ಕಾಸನ್ನು ಬೆರಳಿನಿಂದ ನನ್ನ ಕಡೆಗೇ ತಳ್ಳಿದರು. "ಕಲ್ದಾರ್ ಲಾವ್, ಭಾಯಿ."

ಸರಾಫನ ಹತ್ತಿರ ಹೋಗುವುದನ್ನೇ ಮರೆತಿದ್ದೆ. ಗೊತ್ತಿದ್ದ ವಿಷಯ, ಅವಸರದಲ್ಲಿ ಬಿಟ್ಟುಹೋಗಿತ್ತು.

"ಇಲ್ಲೇ ಹಾಲಿ ತಗೋರಿ ಸಾಹೇಬ್ರ, ಬೇಕಂದ್ರ ಹೆಚ್ಚಿಗಿ ತಗೋರಿ. ನಮ್ಮಣ್ಣಗ ಬರದದ್ದು ಅದ."

"ಎಲ್ಲಾರೂ ಯಾರಿಗಾದ್ರೂ ಬರದದ್ದೇ ತರ್ತಾರಪ್ಪ," ಎಂದರು ಅವರು. ಸಿಟ್ಟಿನ ಮಾತೇನೂ ಅಲ್ಲ. ಕಾಯಿದೆ ಇದ್ದ ಹಾಗೆ ಹೇಳಿದರು. ನನಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು.

ಮುನ್ಶಿ ಮರದ ಕೆಳಗಿನಿಂದ ನೋಡುತ್ತಿದ್ದ. "ಸಾಹುಕಾರ್ರ, ಇಲ್ಲೇ ಯಾರ ಹತ್ರಾದ್ರೂ ಬದಲಿ ಮಾಡಸ್ರಿ" ಎಂದ. ಕೂಲಿಗಳನ್ನು ಕೇಳಿದೆ, ಟಾಂಗಾದವರನ್ನು ಕೇಳಿದೆ. ಕಲ್ದಾರ್ ಇದ್ದವರು ಕೊಡಲಿಲ್ಲ, ಕೊಡುತ್ತೇನೆ ಎಂದವರ ಹತ್ತಿರ ಇರಲಿಲ್ಲ. ಬಿಸಿಲು ಏರುತ್ತಿತ್ತು, ಹಣ್ಣು ಬೇಯುತ್ತಿತ್ತು. ಮತ್ತೆ ಮೋಮಿನಪುರಕ್ಕೆ ಗಾಡಿ ತಿರುಗಿಸಿದೆ. ಅವತ್ತು ಶುಕ್ರವಾರ. ಸರಾಫ ಅಂಗಡಿಗೆ ಬೀಗ ಹಾಕಿ ನಮಾಜಿಗೆ ಹೋಗಿದ್ದ. ಪಕ್ಕದ ಚಹಾದಂಗಡಿಯವನು, "ಕುಂದ್ರು, ಬರ್ತಾರ. ಅಲ್ಲಾನ ಮುಂದ ನಿಂದೇನ್ ಅವಸರ ನಡೀತದ?" ಎಂದ. ಕೂತೆ. ಪಕ್ಕದ ಬಜಾರದಲ್ಲಿ ಹಣ್ಣು ಕೊಳ್ಳುವವರು ಆಗಲೇ ಬೇರೆಯವರ ಹಣ್ಣು ಕೊಂಡಿದ್ದರು. ನನ್ನ ಗೊನೆಗಳನ್ನು ಒತ್ತಿ ನೋಡಿ ಮೂಗು ಮುರಿದು, ಬಾಯಿಗೆ ಬಂದ ಬೆಲೆ ಕೇಳಿದರು. ಕೊಟ್ಟೆ. ಕೊನೆಗೆ ಸರಾಫ ಬಂದ, ಕಲ್ದಾರ್ ಸಿಕ್ಕಿತು. ಅಷ್ಟೊತ್ತಿಗೆ ಕಿಟಕಿಯ ಹೊತ್ತು ಮೀರಿತ್ತು.

ಇಲ್ಲಿಯ ತನಕ ಆದದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಇದು ಆಗಿನ ಕಾಲದಲ್ಲಿ ಎಲ್ಲರಿಗೂ ಆಗುತ್ತಿದ್ದದ್ದೇ.

ಆದರೆ ಕಲ್ದಾರ್ ನನ್ನ ಕಿಸೆಯಲ್ಲಿತ್ತು. ವಿಳಾಸ ಬರೆದ ಕಾಗದ ರುಮಾಲಿನಲ್ಲಿತ್ತು. ಆ ಒಂದು ರಾತ್ರಿ ಅಲ್ಲೇ ಗಾಡಿ ಬಿಟ್ಟು ಮಲಗಿದ್ದರೆ ಸಾಕಿತ್ತು, ಬೆಳಗ್ಗೆ ಕಿಟಕಿ ತೆರೆಯುತ್ತಿತ್ತು. ನಮ್ಮೂರ ಗಾಡಿಯವರು ಎಷ್ಟೋ ಜನ ಅಲ್ಲಿ ಮಲಗುತ್ತಿದ್ದರು. ಚಹಾದಂಗಡಿಯವನೂ ಹೇಳಿದ, "ಇಲ್ಲೇ ಬೀಳು. ಎತ್ತಿಗಿ ಕಣಕಿ ಹಾಕ್ತೀನಿ." ನಾನು ಕೇಳಲಿಲ್ಲ. ಯಾಕೆ ನಾನೇ ಮಲಗಬೇಕು ಎಂಬ ಸಿಟ್ಟು. ಅವನಿಗೆ ಎರಡೂ ಸರಿಯಂತೆ. ಎರಡೂ ಸರಿಯಿದ್ದವನ ಸಲುವಾಗಿ ನಾನ್ಯಾಕೆ ಹಣ್ಣು ಕೆಡಿಸಿಕೊಳ್ಳಬೇಕು ಎಂಬ ಸಿಟ್ಟು. ಎತ್ತುಗಳಿಗೆ ನೀರೂ ಸರಿಯಾಗಿ ಕುಡಿಸದೆ ಊರ ಕಡೆ ಹೊಡೆದೆ.

ಮರುದಿನ ಬೆಳಗ್ಗೆ ಕಮಲಾಪುರ ಮುಟ್ಟಿದಾಗ ಚಾವಡಿ ಎದುರಿಗೇ ಬಂತು. ಡಬ್ಬಿ ನೋಡಿದೆ. ಹಿಂದೆ ತಂದಿದ್ದ ಸರ್ಕಾರಿ ಟಿಕೀಟು ಒಂದು ಚಂಚಿಯಲ್ಲಿ ಉಳಿದಿತ್ತು. ಉಗುಳು ಹಚ್ಚಿ ಅಂಟಿಸಿದೆ, ಹಾಕಿಬಿಟ್ಟೆ. ಕೈ ಹಿಂದಕ್ಕೆ ತೆಗೆದ ಕ್ಷಣ ಎಂಥ ಹಗುರ ಅನಿಸಿತೆಂದರೆ, ಅದನ್ನು ಹೇಳಲು ಈಗ ನಾಚಿಕೆಯಾಗುತ್ತದೆ.

ಅವ್ವ ಬಾಗಿಲಲ್ಲೇ ಕೂತಿದ್ದಳು. "ಹಾಕಿದೇನೋ?"

"ಹಾಕೀನವ್ವಾ."

"ಕಿಟಕ್ಯಾಗಿನವ್ರು ಏನಂದ್ರು?"

"ಏನಂತಾರ. ಹೋಗ್ತದ ಅಂದ್ರು."

ಅವಳು ನನ್ನ ಕಾಲಿಗೆ ನೀರು ಕೊಟ್ಟು, ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಕೊಟ್ಟಳು. ಅವತ್ತು ತುಪ್ಪವನ್ನೂ ಹಾಕಿದಳು.

ಮೊದಲ ಸಲದ ಹಾಗೆ ಕಾಗದ ಮರಳಿ ಬರುತ್ತದೆ, ಬಂದ ಕೂಡಲೇ ಗುಟ್ಟಾಗಿ ಒಯ್ದು ಸರಿಯಾದ ಕಡೆ ಹಾಕುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಟಪ್ಪಾಲಿನವನು ಬರುವ ಹೊತ್ತಿಗೆ ಓಣಿಯ ಬಾಯಿಗೆ ಹೋಗಿ ನಿಲ್ಲುತ್ತಿದ್ದೆ. ಅದು ಮರಳಿ ಬರಲಿಲ್ಲ. ಬಾರದಿದ್ದಾಗ, ಯಾರೋ ಪುಣ್ಯಾತ್ಮ ಮುಂದಕ್ಕೆ ಕಳಿಸಿರಬೇಕು ಎಂದುಕೊಂಡೆ. ಮತ್ತೊಂದು ಕಾಗದ ಬರೆದು ಒಯ್ಯಬಹುದಿತ್ತು. ನಾಳೆ, ಮುಂದಿನ ಖೇಪಿಗೆ ಎನ್ನುತ್ತ ಬಂದೆ. ಎರಡು ಖೇಪು ಕಲಬುರಗಿಗೆ ಹೋಗಿಬಂದೆ, ಸ್ಟೇಷನ್ನಿನ ಕಡೆ ಮುಖ ಮಾಡಲಿಲ್ಲ. ಬೇವಿನ ಮರದ ಕೆಳಗಿನ ಮುನ್ಶಿ "ಅವತ್ತ ಏನ್ ಮಾಡಿದ್ರಿ ಸಾಹುಕಾರ್ರ?" ಎಂದು ಕೇಳುತ್ತಾನೆಂಬ ಅಂಜಿಕೆ.

ಅವ್ವ ದಿನಾ ಸಂಜೆ ರಸ್ತೆಗೆ ಬಂದು ನಿಲ್ಲುತ್ತಿದ್ದಳು. ಹಡಗು ಕಮಲಾಪುರದ ರಸ್ತೆಗೇ ಬರುತ್ತದೆ ಎಂಬ ಹಾಗೆ.

ಬಂದದ್ದು ಅಣ್ಣನ ಕಾಗದ. ಕಟ್ಟೆಯ ಮೇಲೆ ಕೂತು ಒಡೆದೆ. ಮೊದಲು ನಾನೊಬ್ಬನೇ ಕಣ್ಣಾಡಿಸಿದೆ. ಅದರಲ್ಲಿ ಇದ್ದದ್ದು ಇಷ್ಟು: ಅವ್ವನ ಮಾತಿಗೆ ಕಾದೆ. ಹಡಗು ಹೊರಡುವ ತನಕ ಕಾದೆ. ಬರಲಿಲ್ಲ. ಇನ್ನಷ್ಟು ದಿನ ದುಡಿದು ಬರಲಿ ಎಂಬುದೇ ಅವ್ವನ ಮನಸ್ಸು, ಬಾಯಿಬಿಟ್ಟು ಹೇಳಲಾರದೆ ಸುಮ್ಮನಿದ್ದಾಳೆ ಎಂದು ತಿಳಿದೆ. ಇನ್ನೊಂದು ವರ್ಷಕ್ಕೆ ಹೆಬ್ಬೆಟ್ಟು ಒತ್ತಿದೆ.

"ಓದೋ," ಎಂದಳು ಅವ್ವ.

ಓದಿದೆ. "ಸಾಹೇಬ್ರು ಬಿಡವಲ್ರು ಅಂತವ್ವಾ. ಇನ್ನೊಂದ್ ವರ್ಷ ಇರ್ಬೇಕಂತ. ಹುಕುಂ ಆಗ್ಯಾದಂತ."

ಕಾಗದದಲ್ಲಿ ಇಲ್ಲದ್ದನ್ನು ಕಾಗದ ನೋಡುತ್ತಲೇ ಓದಿದೆ. ಎರಡು ಇಯತ್ತೆ ಕಲಿತದ್ದು ಇದಕ್ಕೆ ಸಾಕಾಯಿತು.

ಅವ್ವ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಚಿದಳು. ಆಮೇಲೆ, "ಆ ಸಾಹೇಬಗ ತಾಯಿ ಇಲ್ಲೇನು?" ಎಂದಳು. ಅಂದಿನಿಂದ ಅವಳು ಎಂದೂ ಕಾಣದ ಆ ಸಾಹೇಬನನ್ನು ಬೈಯದ ದಿನವಿಲ್ಲ. ಬೀಸುವಾಗ ಬೈಯುತ್ತಿದ್ದಳು, ದೀಪ ಹಚ್ಚುವಾಗ ಬೈಯುತ್ತಿದ್ದಳು. "ನನ್ನ ಮಗನ ಮಾರಿ ನನಗ ಕಾಣದಂಗ ಮಾಡ್ದ ಅವ" ಎನ್ನುತ್ತಿದ್ದಳು. ನಾನು ಅಲ್ಲೇ ಕೂತು ಉಣ್ಣುತ್ತಿದ್ದೆ. ಆ ವರ್ಷ ಮಳೆಗಾಲ ಮುಗಿಯುವುದರೊಳಗೆ ಅವಳ ಇನ್ನೊಂದು ಕಣ್ಣೂ ಹೋಯಿತು. ಕೊನೆಗೆ ಬಾಗಿಲ ಬೆಳಕು ಯಾವ ಕಡೆ ಎಂಬುದಷ್ಟೇ ತಿಳಿಯುತ್ತಿತ್ತು.

ವರ್ಷ ಕಳೆದ ಮೇಲೆ ಅಣ್ಣ ಬಂದ. ಅವನನ್ನು ಕರೆತರಲು ಸ್ಟೇಷನ್ನಿಗೆ ನಾನೇ ಗಾಡಿ ಒಯ್ದೆ. ಖಾಕಿ ಕೋಟು, ಹಣೆಯ ಮೇಲೊಂದು ಉದ್ದ ಗಾಯದ ಗುರುತು, ಕೈಯಲ್ಲಿ ತಗಡಿನ ಪೆಟ್ಟಿಗೆ. ನನ್ನ ಹೆಗಲ ಮೇಲೆ ಕೈಯಿಟ್ಟು, "ತಮ್ಮಾ, ಸೊರಗೀಯಲ್ಲೋ" ಎಂದ. ಊರ ದಾರಿಯಲ್ಲಿ ಹಗ್ಗ ತನ್ನ ಕೈಗೆ ತೆಗೆದುಕೊಂಡು ಗಾಡಿಯನ್ನು ಬಲಕ್ಕೇ ಹೊಡೆಯತೊಡಗಿದ. ಎದುರಿಗೆ ಬಂದ ಹತ್ತಿಯ ಗಾಡಿಯವನು ಎದ್ದು ನಿಂತು ಅವನ ಅಜ್ಜನ ತನಕ ಬಯ್ದ. ಅಣ್ಣ ನಗುತ್ತ, "ಈ ಬೈಗಳ ತಿಳೀತದ, ಅಷ್ಟೇ ಸುಖ" ಎಂದ.

ದಾರಿಯುದ್ದಕ್ಕೂ ಅಲ್ಲಿಯ ಮಾತೇ. ಆದರೆ ಕಾಗದದಲ್ಲಿ ಬರೆಸಿದಂಥ ಮಾತಲ್ಲ. ಆ ಊರಲ್ಲಿ ಒಮ್ಮೆ ಹೇಸರಗತ್ತೆಗಳ ಸಮೇತ ದಾರಿ ತಪ್ಪಿದ್ದನಂತೆ. ಮೂಲೆಮೂಲೆಗೆ ಫಲಕ ಬರೆದು ತೂಗುಹಾಕಿದ್ದರೂ ಒಂದಕ್ಷರ ಓದಲು ಬರುವುದಿಲ್ಲ, ಕೇಳಲು ಬಾಯಿಲ್ಲ. ಕೊರಳಲ್ಲಿ ಕಟ್ಟಿದ ಬಿಲ್ಲೆಯನ್ನು ಕಂಡಕಂಡವರಿಗೆ ತೋರಿಸುತ್ತ, ಕೊನೆಗೆ ಸಮುದ್ರದ ವಾಸನೆ ಬಂದ ದಿಕ್ಕಿಗೆ ಹೊಡೆದು ಬಂದರು ಸೇರಿಕೊಂಡನಂತೆ. ಓಡುವ ಟ್ರಾಮು ದಿನಾ ಕಾಣುತ್ತಿತ್ತು. ಚೀಟಿಯಿಲ್ಲದೆ ಲಾಯದ ಬೇಲಿ ದಾಟುವಂತಿರಲಿಲ್ಲವಾದ್ದರಿಂದ ಅದನ್ನು ಹತ್ತಿದ್ದು ಒಂದೇ ಸಲವಂತೆ.

"ವಾರಕ್ಕೊಮ್ಮೆ ಟಪ್ಪಾಲಿನ ಚೀಲ ಬರ್ತಿತ್ತು," ಎಂದ. "ಹವಾಲ್ದಾರ್ ಒಬ್ಬೊಬ್ರ ಹೆಸರು ಕೂಗ್ತಿದ್ದ. ಚೀಲ ಖಾಲಿ ಆಗಿ ಝಾಡಿಸೋ ತನಕ ನಿಂತಿರ್ತಿದ್ದೆ. ಆ ಸಲ ಚೀಲದಾಗ ಕೈ ಹಾಕಿ ನಾನೇ ನೋಡ್ದೆ. ಮಂದಿ ನಕ್ರು."

ನಾನು ಎತ್ತಿನ ಬಾಲ ನೋಡುತ್ತ ಕೂತಿದ್ದೆ.

ಮನೆಯಲ್ಲಿ ಅವ್ವ ಎರಡೂ ಕೈಯಿಂದ ಅವನ ಮುಖ ಹಿಡಿದಳು. ಮೂಗು, ಮೀಸೆ, ಗದ್ದ, ಕಿವಿ. ಹಣೆಯ ಗಾಯದ ಮೇಲೆ ಬೆರಳು ನಿಂತಿತು. "ಇದೇನೋ?"

"ಹೇಸರಗತ್ತಿ ಒದ್ದದ್ದವ್ವಾ. ಈಗಿಂದಲ್ಲ, ಹೋದ ದೀಪಾವಳಿ ಮುಂದ."

"ಎರಡ್ನೇ ವರ್ಷದಾಗ?"

"ಹೂಂ."

"ಆ ಸಾಹೇಬ ಬಿಟ್ಟಿದ್ರ ಇದೂ ಇರ್ತಿದ್ದಿಲ್ಲ," ಎಂದಳು. ಅಣ್ಣ, ಯಾವ ಸಾಹೇಬ ಎಂಬಂತೆ ನನ್ನ ಕಡೆ ನೋಡಿದ. ಆಮೇಲೆ ಅವಳ ಕಣ್ಣು ನೋಡಿ ಅವನಿಗೆ ಬೇರೆ ಯಾವುದೂ ನೆನಪಾಗಲಿಲ್ಲ. ನಾನು ಎತ್ತು ಕಟ್ಟುವ ನೆಪದಲ್ಲಿ ಹೊರಗೆ ಹೋದೆ.

ನಾಲ್ಕಾರು ದಿನ ಕಳೆದವು. ಒಂದು ಮಧ್ಯಾಹ್ನ ಉಂಡು ಮೂವರೂ ಕಟ್ಟೆಯ ಮೇಲೆ ಕೂತಿದ್ದೆವು. ಅಣ್ಣ ಪೆಟ್ಟಿಗೆಯಿಂದ ಒಂದು ಚಿತ್ರದ ಕಾರ್ಡು ತೆಗೆದ. ಒಂದು ಬದಿಗೆ ಸಮುದ್ರ, ಹಡಗು. ಇನ್ನೊಂದು ಬದಿಗೆ ವಿಳಾಸ ಆಗಲೇ ಬರೆದಿತ್ತು. ಲಾಯದ ಪಕ್ಕದ ಮನೆಯ ಮುದುಕಿ ಕೊಟ್ಟದ್ದಂತೆ. ಅವಳ ಮಗನೂ ಲಡಾಯಿಗೆ ಹೋದವನು, ಸುದ್ದಿಯಿಲ್ಲ. ಸೈಕಲ್ಲಿನ ಹೆಂಗಸು ಬಂದಾಗಲೆಲ್ಲ ಆ ಮುದುಕಿಯೂ ಬೇಲಿಗೆ ಬಂದು ನಿಲ್ಲುತ್ತಿದ್ದಳು, ತನ್ನ ಕಾಗದ ಪಲ್ಟಣಿನ ಚೀಲದಲ್ಲೇ ಬರುವುದೆಂದು ಗೊತ್ತಿದ್ದರೂ ಅಣ್ಣನೂ ನಿಲ್ಲುತ್ತಿದ್ದ. ಇಬ್ಬರಿಗೂ ಏನೂ ಇರುತ್ತಿರಲಿಲ್ಲ. ಅವಳ ಮಾತು ಅವನಿಗೆ ತಿಳಿಯುತ್ತಿರಲಿಲ್ಲ, ಅವನದು ಅವಳಿಗೆ. ಹೊರಡುವ ದಿನ ಈ ಕಾರ್ಡು ಕೈಗೆ ಕೊಟ್ಟು, ಎದೆಯ ಮೇಲೆ ಕೈಯಿಟ್ಟು ಸನ್ನೆ ಮಾಡಿದ್ದಳಂತೆ: ಮುಟ್ಟಿದ ಮೇಲೆ ಹಾಕು ಎಂದು.

"ಬರಿಯೋದು ಏನೂ ಬ್ಯಾಡ," ಎಂದ ಅಣ್ಣ. "ಕಾರ್ಡು ಬಂತಂದ್ರ ಮುಟ್ಯಾನ ಅಂತ ತಿಳೀತದ ಆಕಿಗಿ. ಹೋಗು ತಮ್ಮಾ, ಚಾವಡಿ ಡಬ್ಬ್ಯಾಗ ಹಾಕಿ ಬಾ. ನಾಕ್ ಹೆಜ್ಜಿ ಅದ."

"ಅದ್ರಾಗ ಹಾಕಿದ್ರ ಹೋಗಲ್ಲಣ್ಣ."

"ಯಾಕ ಹೋಗಲ್ಲ? ನನ್ನ ಕಾಗದೆಲ್ಲ ಇಲ್ಲಿಗೇ ಬರ್ತಿದ್ದವಲ್ಲ?"

"ಬರೋವು ಬರ್ತಾವ. ಹೋಗೋವು ಹೋಗಲ್ಲ. ಸ್ಟೇಷನ್ನಿಗಿ ಒಯ್ಬೇಕು."

ಅವ್ವ ಗೋಡೆಗೆ ಒರಗಿ ಕೂತಿದ್ದಳು. ದನಿ ಬಂದ ಕಡೆ ಮುಖ ತಿರುಗಿಸಿ, "ಹೌದು. ನಿನಗೇನ್ ಗೊತ್ತು," ಎಂದಳು ಅಣ್ಣನಿಗೆ. "ನಿನ್ನ ತಮ್ಮ ಒಂದೊಂದ್ ಕಾಗದಕ್ಕ ಕಲಬುರಗಿ ತನಕ ಹೋಗಿ ಹಾಕ್ಯಾನ. ಹಣ್ಣು ಕೆಟ್ರೂ ಕೆಡ್ಲಿ ಅಂತ ಹೋಗ್ಯಾನ. ಕಡೀಗಿ ಬಾ ಅಂತ ಬರದ ಕಾಗದಕ್ಕ ಎರಡ್ ಸಲ ಅಲ್ಲಿಗಿ ಎಡತಾಕ್ಯಾನ ಪಾಪ. ಅದೂ ಆ ಸಾಹೇಬನ ಕಿವಿಗಿ ಬೀಳಲಿಲ್ಲ."

ಅಣ್ಣ ನನ್ನ ಕಡೆ ನೋಡಿದ. "ಬಾ ಅಂತ ಕಾಗದ ಬರದಿದ್ರೇನು?"

ಕಾರ್ಡು ನನ್ನ ಕೈಗೆ ಬಂದಿತ್ತು. ಸಮುದ್ರ ಮೇಲಾಗಿ ಹಿಡಿದುಕೊಂಡಿದ್ದೆ. ಹೂಂ ಎಂದು, ದಾರಿಯಲ್ಲಿ ಕಳೆದಿರಬೇಕು ಎಂದುಬಿಟ್ಟಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಲಡಾಯಿಯ ಕಾಲದಲ್ಲಿ ಎಷ್ಟೋ ಕಾಗದ ಸಮುದ್ರದ ಪಾಲಾದವು. ಇಬ್ಬರೂ ನಂಬುತ್ತಿದ್ದರು. ಆದರೆ ಅವ್ವ "ಪಾಪ" ಎಂದಿದ್ದಳು. ಅವಳು ನನ್ನ ಕಡೆ ತಿರುಗಿಸಿದ ಮುಖದಲ್ಲಿ ಕಣ್ಣು ತೆರೆದೇ ಇದ್ದವು.

ನಾನು ಕಟ್ಟೆಯಿಂದ ಇಳಿದು ಇಬ್ಬರ ಮುಂದೆ ನೆಲದ ಮೇಲೆ ಕೂತೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಮೊದಲು ಅವಳ ಪಾದ ಹಿಡಿದೆ. ಹೇಳಿದ್ದು ಇಷ್ಟು:

"ಅವ್ವಾ, ಯಾವ ಸಾಹೇಬನೂ ಹಿಡದಿದ್ದಿಲ್ಲ. ಅದು ನಾ ಸುಳ್ಳ ಓದಿದ್ದು. ಅಣ್ಣಾ, ಅವ್ವ ನಿನಗ ಬಾ ಅಂದಿದ್ಳು. ಕಲ್ದಾರ್ ಕಿಸೇದಾಗ ಇತ್ತು, ಒಂದ್ ರಾತ್ರಿ ಅಲ್ಲಿ ಬಿದ್ದಿದ್ರ ಹೋಗ್ತಿತ್ತು. ಬೀಳಲಿಲ್ಲ. ಸಿಟ್ಟಿಗಿ ಈ ಡಬ್ಬ್ಯಾಗ ಹಾಕ್ದೆ. ಹೋಗಲ್ಲ ಅಂತ ಗೊತ್ತಿತ್ತು ನನಗ. ನನ್ನಿಂದ ತಪ್ಪಾಗ್ಯಾದ. ಅವ್ವಾ, ನಿನ್ನ ಕಣ್ಣಿದ್ದಾಗ ಇವ ಬರ್ಬೇಕಾಗಿತ್ತು, ನಾ ಬರಗೊಡಲಿಲ್ಲ. ಇಬ್ರೂ ನನ್ನ ತಪ್ಪ ಹೊಟ್ಟ್ಯಾಗ ಹಾಕೊಳ್ರಿ ಅಂತ ಕೇಳಾಕ ನನಗ ಬಾಯಿಲ್ಲ. ಕೇಳಾಕತ್ತೀನಿ."